ರೇಷ್ಮೆ ಸೀರೆಯ ಕೆಳಗಿನ ಕ್ಯಾಮೆರಾ

ಬಳಸಿದರೆ ಸವೆಯುತ್ತದೆ, ಎತ್ತಿಟ್ಟರೆ ಬಾಳುತ್ತದೆ ಎಂಬುದು ನಮ್ಮ ಜನಕ್ಕೆ ಹುಟ್ಟಿನಿಂದ ಬಂದ ನಂಬಿಕೆ. ಕಂಚಿನ ದೀಪ, ಹಿತ್ತಾಳೆ ಕೊಳಗಗಳ ಮಟ್ಟಿಗೆ ಅದನ್ನು ತಪ್ಪು ಅನ್ನುವ ಹಾಗಿಲ್ಲ. ಮದುವೆಗೆ ಬಂದ ಗಾಜಿನ ಲೋಟದ ಸೆಟ್ಟು ರಟ್ಟಿನ ಪೆಟ್ಟಿಗೆಯ ಮುಚ್ಚಳ ಕೂಡ ಬಿಚ್ಚದೆ ಅಟ್ಟದ ಮೇಲೆ ಕೂತು, ಇಪ್ಪತ್ತು ವರ್ಷದ ಮೇಲೆ ಯಾರದೋ ಗೃಹಪ್ರವೇಶಕ್ಕೆ ಹೊಸ ಬಣ್ಣದ ಕಾಗದ ಸುತ್ತಿಕೊಂಡು ಹೊರಟದ್ದನ್ನು ಯಾರು ತಾನೆ ಕಂಡಿಲ್ಲ? ಅಲ್ಲಿಯೂ ಅದು ಅಟ್ಟಕ್ಕೇ ಹತ್ತುತ್ತದೆ, ಆ ಮಾತು ಬೇರೆ. ತೊಂದರೆ ಶುರುವಾಗುವುದು ಇದೇ ನಿಯಮವನ್ನು ಡಿಜಿಟಲ್ ಕ್ಯಾಮೆರಾಕ್ಕೂ ಹಚ್ಚಿದಾಗ.

ಮನೆಮನೆಗೂ ಡಿಜಿಟಲ್ ಕ್ಯಾಮೆರಾ ಬಂದ ಕಾಲ ನೆನಪಿದೆಯಷ್ಟೆ? ಅಂಗೈಯಗಲದ ಬೆಳ್ಳಿ ಬಣ್ಣದ ಡಬ್ಬಿ. ಬೋನಸ್ಸಿನಲ್ಲಿ ಕೊಂಡದ್ದು, ಇಲ್ಲವೇ ಅಮೆರಿಕದಿಂದ ಬಂದ ಮೈದುನ ತಂದದ್ದು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕ ಹೇಳುವಂತೆ 2010ರ ಒಂದೇ ವರ್ಷದಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಹೊರಟವು. 2023ಕ್ಕೆ ಆ ಸಂಖ್ಯೆ 80 ಲಕ್ಷದ ಒಳಗೆ ಬಂದು ಕೂತಿತು. ನಡುವೆ ಮೊಬೈಲು ಬಂತು, ಮತ್ತೇನಿಲ್ಲ. ಹಾಗಾದರೆ ಆ 12 ಕೋಟಿ ಎಲ್ಲಿ ಹೋದವು ಎಂದು ಕೇಳುವವರು ನಮ್ಮಕ್ಕನ ಮನೆಯ ಬೀರು ತೆಗೆದು ನೋಡಬಹುದು. ಒಂದಂತೂ ಅಲ್ಲಿತ್ತು. ರೇಷ್ಮೆ ಸೀರೆಗಳ ಕೆಳಗೆ, ನುಸಿಗುಳಿಗೆಯ ಪಕ್ಕ.

ನಮ್ಮ ಭಾವ ಜೋಪಾನದಲ್ಲಿ ಎತ್ತಿದ ಕೈ. ತೀರ್ಥಹಳ್ಳಿ ಹತ್ತಿರದ ಅವರ ಮನೆಯಲ್ಲಿ ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರು, ಆ ಕವರು ಜಾರದ ಹಾಗೆ ರಬ್ಬರ್ ಬ್ಯಾಂಡು. ಮಗಳ ನಾಮಕರಣಕ್ಕೆಂದು 2006ರಲ್ಲಿ ಕ್ಯಾಮೆರಾ ಕೊಂಡರು. ಮನೆ ಒಕ್ಕಲಿನ ದಿನ ಅದು ಕೊನೆಯ ಸಲ ಹೊರಗೆ ಬಂದದ್ದು. ಆಮೇಲೆ "ಒಳ್ಳೇ ಕಾರ್ಯಕ್ರಮ ಬಂದಾಗ ತೆಗೆದರಾಯ್ತು" ಎಂದು ಒಳಗೆ ಹೋಯಿತು. ಮುಂದೆ ಮನೆಯಲ್ಲಿ ನಡೆದ ಯಾವ ಕಾರ್ಯಕ್ರಮವೂ ಭಾವನ ಕಣ್ಣಿಗೆ ಅಷ್ಟು ಒಳ್ಳೆಯದಾಗಿ ಕಾಣಲಿಲ್ಲ.

ಈಗ ಆ ಮಗಳು ಕಾಲೇಜಿಗೆ ಹೋಗುತ್ತಾಳೆ. ಅವಳ ಓರಗೆಯವರಿಗೆಲ್ಲ ಹಳೇ ಡಿಜಿಕ್ಯಾಮ್ ಹುಚ್ಚು. ಕೈಯಲ್ಲಿರುವ ಮೊಬೈಲಿನಲ್ಲಿ 50 ಮೆಗಾಪಿಕ್ಸೆಲ್ ಇದೆ. ಅವರಿಗೆ ಬೇಕಾದದ್ದು 6 ಮೆಗಾಪಿಕ್ಸೆಲ್‌ನಲ್ಲಿ ಮುಖಕ್ಕೆ ಫ್ಲಾಶ್ ಬಡಿದು, ಕಣ್ಣು ಕೆಂಪಾಗಿ, ಬೆನ್ನ ಹಿಂದೆಲ್ಲ ಕತ್ತಲು ಕವಿದ ಚಿತ್ರ. ಅಂಥ ಚಿತ್ರ ತೆಗೆದದ್ದಕ್ಕೆ ನಮ್ಮ ಕಾಲದವರು ಬೈಸಿಕೊಂಡಿದ್ದಾರೆ. ಈಗ ಅದಕ್ಕಾಗಿ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾಗಳ ಬೆಲೆಯೇ ಏರಿದೆ. ಹೀಗಾಗಿ ಒಂದು ಭಾನುವಾರ ಸೀರೆಗಳ ರಾಶಿ ಸರಿಯಿತು, ಕಪ್ಪು ಚೀಲ ಹೊರಗೆ ಬಂತು. ಚೀಲದಲ್ಲಿ ಕ್ಯಾಮೆರಾದ ಮಗ್ಗುಲಿಗೆ ಹಳದಿ ತುದಿಯ ವೈರೊಂದು ಚುಚ್ಚಿಕೊಂಡೇ ಇತ್ತು. ಹುಡುಗಿ ಅದನ್ನು ಕಿತ್ತು ಆಚೆಗಿಟ್ಟಳು. ಸೆಲ್ ಹಾಕಿ ಗುಂಡಿ ಒತ್ತಿದಳು. ಟುಂಯ್ ಎಂದು ರಾಗ ಬಂತು, ಲೆನ್ಸು ಮೂತಿ ಚಾಚಿತು. ಹಿಂದಿನ ಸ್ಕ್ರೀನು ಮಾತ್ರ ಅಮಾವಾಸ್ಯೆ.

ಮಲೆನಾಡಿನ ಮನೆಯಲ್ಲಿ ಒಂದು ವಸ್ತು ಕೆಟ್ಟಿತೆಂದರೆ ವೈದ್ಯರಿಗೇನು ಬರ? ಜಗಲಿಯಲ್ಲಿ ಕೂತಿದ್ದ ಪಕ್ಕದ ಮನೆಯವರು ಅಂಗೈಯಲ್ಲಿ ಕ್ಯಾಮೆರಾದ ಬೆನ್ನಿಗೆ ಎರಡು ಬಾರಿಸಿದರು. ಅವರ ಹಳೇ ಟಿವಿ ಅದಕ್ಕೇ ಬಗ್ಗುತ್ತಿತ್ತಂತೆ. ಅಕ್ಕ ಅಕ್ಕಿ ಡಬ್ಬಿಯಲ್ಲಿ ಹೂತಿಡಬೇಕೆಂದಳು. ನೀರಿಗೆ ಬಿದ್ದ ಮೊಬೈಲಿಗೇ ಅಕ್ಕಿಯಿಂದ ಹೇಳಿಕೊಳ್ಳುವಂಥ ಉಪಕಾರವಿಲ್ಲ, ಇನ್ನು ವರ್ಷಗಟ್ಟಲೆ ನೀರೇ ನೋಡದ ಕ್ಯಾಮೆರಾಕ್ಕೆ ಏನು? "ಹಾಗಾದ್ರೆ ಬಿಸಿಲಿಗಾದ್ರೂ ಇಡು" ಎಂದಳು, ಹಪ್ಪಳ ಒಣಗಿಸುವವಳ ಅಧಿಕಾರದಿಂದ. ಚುರುಕು ಬಿಸಿಲಿಗೆ ಸ್ಕ್ರೀನಿನ ಒಳಪದರಗಳು ಇನ್ನಷ್ಟು ಕೆಡುತ್ತವೆಯೇ ಹೊರತು ಮೇಲೇಳುವುದಿಲ್ಲ. ಭಾವನದು ಒಂದೇ ಮಾತು: "ಅದು ಕೆಡೋದಕ್ಕೆ ಹೇಗೆ ಸಾಧ್ಯ ಮಾರಾಯ? ನಾವು ಮುಟ್ಟೇ ಇಲ್ಲವಲ್ಲ!"

ಮುಟ್ಟದೇ ಇದ್ದದ್ದೇ ಅಲ್ಲವೇ ಭಾವ ಸಂಗತಿ. ಬೀರುವಿನ ಬಾಗಿಲು ಹಾಕಿದ ಕೂಡಲೇ ಒಳಗೆ ಎಲ್ಲವೂ ತಟಸ್ಥವಾಗುತ್ತದೆ ಎಂದು ನಾವು ತಿಳಿದಿರುತ್ತೇವೆ. ಅಲ್ಲಿ ರಸಾಯನಶಾಸ್ತ್ರಕ್ಕೆ ರಜೆ ಇಲ್ಲ. ಲಿಥಿಯಂ ಬ್ಯಾಟರಿ ಕೂತಲ್ಲೇ ಚೂರುಚೂರೇ ಚಾರ್ಜು ಬಿಡುತ್ತಾ ಹೋಗುತ್ತದೆ. ತುಂಬಿದಾಗ 4.2 ವೋಲ್ಟ್ ಇರುವುದು ವರ್ಷಗಳ ಮೇಲೆ 2.5ಕ್ಕಿಂತ ಕೆಳಗಿಳಿದರೆ, ಚಾರ್ಜರಿಗೆ ಹಾಕಿದಾಗ ದೀಪ ಪಟಪಟ ಮಿಟುಕುತ್ತದೆಯೇ ಹೊರತು ಚಾರ್ಜು ಏರುವುದಿಲ್ಲ. ಅಷ್ಟು ಬರಿದಾದ ಬ್ಯಾಟರಿಗೆ ಮತ್ತೆ ಕರೆಂಟು ತುಂಬುವುದು ಅಪಾಯ ಎಂದು ಚಾರ್ಜರಿಗೆ ಗೊತ್ತು. ಗೊತ್ತಿಲ್ಲದಿರುವುದು ವೈರು ಹಿಡಿದು ಬೇರೆ ಬ್ಯಾಟರಿಯಿಂದ ಅದಕ್ಕೆ ಶಾಕ್ ಕೊಡಲು ಹೊರಡುವ ನಮ್ಮ ಊರಿನ ಹುಡುಗರಿಗೆ. ಹೊಟ್ಟೆ ಉಬ್ಬಿದ ಬ್ಯಾಟರಿಯಂತೂ ಮುಗಿದ ಕಥೆ. ಅದನ್ನು ಚುಚ್ಚಬಾರದು, ಬಚ್ಚಲ ಒಲೆಗೆ ಎಸೆಯಬಾರದು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಿ ಕೈ ತೊಳೆದುಕೊಳ್ಳಬೇಕು.

ಪೆನ್‌ಸೆಲ್ ಹಾಕುವ ಕ್ಯಾಮೆರಾಗಳ ಗೋಳು ಇನ್ನೊಂದು ಬಗೆ. ಒಳಗೇ ಬಿಟ್ಟ ಆಲ್ಕಲೈನ್ ಸೆಲ್ಲುಗಳು ಸೋರುತ್ತವೆ. ಸೋರುವುದು ಪೊಟಾಸಿಯಂ ಹೈಡ್ರಾಕ್ಸೈಡ್. ಗಾಳಿ ತಾಗಿ ಬಿಳಿ ಹರಳು ಕಟ್ಟುತ್ತದೆ, ಸ್ಪ್ರಿಂಗನ್ನು ತಿನ್ನುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ನಾಲ್ಕು ಹನಿ ವಿನೆಗರ್, ಇಲ್ಲವೇ ನಿಂಬೆರಸ ಮುಟ್ಟಿಸಿ ಒರೆಸಿದರೆ ಅದು ಸಣ್ಣಗೆ ನೊರೆ ಬಂದು ಬಿಡುತ್ತದೆ. ಆಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿಸಬೇಕು. ನಿಂಬೆಹಣ್ಣು ಹಿಂಡಬಾರದು, ಕೋಸಂಬರಿ ಮಾಡುತ್ತಿಲ್ಲ.

ಭಾವನ ಕ್ಯಾಮೆರಾ ಪೆನ್‌ಸೆಲ್ಲಿನದು. ಆದರೂ ಒಳಗೆ ಫಳಫಳ ಹೊಳೆಯುತ್ತಿತ್ತು. ಅದರ ಪುಣ್ಯವೆಲ್ಲ ಅಕ್ಕನ ಜಿಪುಣತನಕ್ಕೆ ಸಲ್ಲಬೇಕು. ಮನೆ ಒಕ್ಕಲಿನ ಮರುದಿನವೇ ಕ್ಯಾಮೆರಾದ ಸೆಲ್ ಕಿತ್ತು ಗೋಡೆ ಗಡಿಯಾರಕ್ಕೆ ಹಾಕಿದ್ದಳಂತೆ. ಭಾವ ಅದಕ್ಕಾಗಿ ಆಗ ಮಾತು ಬಿಟ್ಟಿದ್ದರು. ಇಡೀ ಮನೆಯಲ್ಲಿ ಆ ಕ್ಯಾಮೆರಾಕ್ಕೆ ಉಪಕಾರ ಮಾಡಿದವಳು ಅವಳೊಬ್ಬಳೇ ಎಂದು ನಾನು ಸಭೆಯಲ್ಲಿ ಘೋಷಿಸಿದಾಗ ಭಾವ ಇನ್ನೊಂದು ಲೋಟ ಕಾಫಿ ಬೇಡ ಎಂದರು.

ಇನ್ನು ತೇವ. ಆ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಡಬ್ಬಿಯೇ ಬೆವರುತ್ತದೆ. ಗಾಳಿಯ ತೇವಾಂಶ ಶೇಕಡಾ 60 ದಾಟಿ ಬಹಳ ದಿನ ನಿಂತರೆ ಲೆನ್ಸಿನ ಮೇಲೆ ಬೂಷ್ಟು ಬೇರು ಬಿಡುತ್ತದೆ. ಚರ್ಮದ ಚೀಲ ಅದಕ್ಕೆ ಒಳ್ಳೆಯ ತವರುಮನೆ. ನುಸಿಗುಳಿಗೆ ಬೂಷ್ಟನ್ನು ದೂರ ಇಡುತ್ತದೆ ಎಂದು ಭಾವ ವಾದಿಸಿದರು. ಕ್ಯಾಮೆರಾದ ಜೊತೆ ಬರುವ ಪುಸ್ತಕಗಳಲ್ಲಿ ನುಸಿಗುಳಿಗೆ, ಕರ್ಪೂರ ಇರುವಲ್ಲಿ ಕ್ಯಾಮೆರಾ ಇಡಬೇಡಿ ಎಂದು ಸ್ಪಷ್ಟವಾಗಿ ಅಚ್ಚಾಗಿರುತ್ತದೆ. ಭಾವ ಆ ಪುಸ್ತಕವನ್ನೂ ಜೋಪಾನ ಮಾಡಿದ್ದರು. ಪ್ಲಾಸ್ಟಿಕ್ ಕೊಟ್ಟೆ ಒಡೆದಿರಲಿಲ್ಲ.

ಹೀಗೆಲ್ಲ ಆದರೂ, ಸ್ಕ್ರೀನು ಕಪ್ಪಾದ ಮಾತ್ರಕ್ಕೆ ಸ್ಕ್ರೀನೇ ಹೋಯಿತೆಂದು ಸೂತಕ ಹಿಡಿಯುವುದು ಆತುರ. ಬಹಳ ಸಲ ಅದು ಸತ್ತಿರುವುದಿಲ್ಲ. ಸುಮ್ಮನಿರು ಎಂದು ಯಾರೋ ಹೇಳಿರುತ್ತಾರೆ. ಕಣ್ಣಿಟ್ಟು ನೋಡುವ ಸಣ್ಣ ಗಾಜಿನ ಕಿಂಡಿ ಇರುವ ಹಳೇ ಕ್ಯಾಮೆರಾಗಳಲ್ಲಿ ಡಿಸ್ಪ್ ಎಂದೊಂದು ಗುಂಡಿ ಇದೆ. ಒಂದೆರಡು ಸಲ ಒತ್ತಿದರೆ ಸೆಲ್ ಉಳಿಸಲೆಂದು ಸ್ಕ್ರೀನು ಆರುತ್ತದೆ, ಮತ್ತೆ ಒತ್ತಿದರೆ ಏಳುತ್ತದೆ. ತಿರುಗುವ ಸ್ಕ್ರೀನಿನವಾದರೆ ಮುಖ ಒಳಗೆ ಮಡಚಿಟ್ಟಾಗ ತಾನೇ ಆರಬೇಕು. ಬಿಚ್ಚಿದ್ದೇವೆಂದು ತಿಳಿಸುವ ಪುಟ್ಟ ಸ್ವಿಚ್ಚು ಅಂಟಿಕೊಂಡಿದ್ದರೆ ಬಿಚ್ಚಿದ ಮೇಲೂ ಆರಿಯೇ ಇರುತ್ತದೆ. ನಾಲ್ಕಾರು ಸಲ ಮೆಲ್ಲಗೆ ತೆರೆದು ಮುಚ್ಚಿ ನೋಡಬೇಕು. ಒಂದು ಕೋನದಲ್ಲಿ ಬೆಳಗಿ ಇನ್ನೊಂದರಲ್ಲಿ ಆರಿದರೆ ಕೀಲಿನಲ್ಲಿ ಹಾದುಹೋಗುವ ಸ್ಟ್ರಿಪ್ ಬಿರುಕುಬಿಟ್ಟಿದೆ ಎಂದರ್ಥ. ಅದು ರಿಪೇರಿಯವರ ಕೆಲಸ.

ಸೆಲ್ಲಿನ ವಿಷಯ ಹೇಳಲೇಬೇಕು. ನಮ್ಮ ಹುಡುಗಿ ಮೊದಲು ಹಾಕಿದ್ದು ಟಿವಿ ರಿಮೋಟಿನಿಂದ ಕಿತ್ತ ಸೆಲ್ಲುಗಳನ್ನು, ಅಪ್ಪನ ಕವರು ರಬ್ಬರ್ ಬ್ಯಾಂಡುಗಳನ್ನೆಲ್ಲ ದಾಟಿ. ರಿಮೋಟಿಗೆ ಸಾಕಾಗುವ ಅಗ್ಗದ ಸೆಲ್ ಕ್ಯಾಮೆರಾಕ್ಕೆ ಸಾಲದು. ಲೆನ್ಸು ತಳ್ಳುವ ಮೋಟಾರು, ಸ್ಕ್ರೀನಿನ ಬೆಳಕು, ಫ್ಲಾಶ್, ಮೂರೂ ಒಟ್ಟಿಗೇ ಕರೆಂಟು ಕೇಳುತ್ತವೆ. ಲೆನ್ಸು ಅರ್ಧ ಹೊರಗೆ ಬರುವಷ್ಟರಲ್ಲಿ ಸೆಲ್ಲಿಗೆ ಏದುಸಿರು. ಒಳ್ಳೆಯ ಆಲ್ಕಲೈನ್, ಇಲ್ಲವೇ ಚಾರ್ಜು ಮಾಡುವ ನಿಕಲ್ ಸೆಲ್ ಹಾಕಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಸೆಲ್ಲಿನ ಎರಡೂ ತುದಿ ತಿಕ್ಕಿ ನೋಡಿದ ಮೇಲಷ್ಟೇ ಮುಂದಿನ ಮಾತು. ತೀರ್ಥಹಳ್ಳಿ ಪೇಟೆಯಿಂದ ಹೊಸ ಸೆಲ್ ಬಂತು. ಸ್ಕ್ರೀನು ಹಾಗೇ.

ಆಗ ಮಾಡಬೇಕಾದದ್ದು ಟಾರ್ಚಿನ ಪರೀಕ್ಷೆ. ಎಲ್‌ಸಿಡಿ ಸ್ಕ್ರೀನು ತಾನಾಗಿ ಬೆಳಗುವುದಿಲ್ಲ. ತೊಗಲುಗೊಂಬೆ ಆಟದ ಹಾಗೆ, ಬೆಳಕು ಇರುವುದು ಹಿಂದೆ. ಆ ದೀಪ ನಂದಿದರೂ ಗೊಂಬೆ ಕುಣಿಯುತ್ತಲೇ ಇರುತ್ತದೆ, ಕುಣಿತ ನಮಗೆ ಕಾಣುವುದಿಲ್ಲ ಅಷ್ಟೆ. ಕೋಣೆ ಕತ್ತಲು ಮಾಡಿ, ಮೊಬೈಲಿನ ಟಾರ್ಚನ್ನು ಸ್ಕ್ರೀನಿನ ಮೇಲೆ ಓರೆಯಾಗಿ ಹಿಡಿಯಬೇಕು. ಮಸುಕು ಮಸುಕಾಗಿ ಅಕ್ಷರವೋ ಚಿತ್ರವೋ ಕಂಡರೆ ಸ್ಕ್ರೀನು ಬದುಕಿದೆ, ಹಿಂದಿನ ದೀಪ ಹೋಗಿದೆ. ಏನೂ ಕಾಣದಿದ್ದರೆ ಚಿತ್ರವೇ ಅಲ್ಲಿಗೆ ತಲುಪುತ್ತಿಲ್ಲ. ನಮ್ಮಲ್ಲಿ ಏನೂ ಕಾಣಲಿಲ್ಲ. ಪಕ್ಕದ ಮನೆಯವರಿಗೆ ಮಾತ್ರ ಏನೋ ಕಂಡಿತು. ಅವರದೇ ಮೂಗಿನ ಪ್ರತಿಬಿಂಬ.

ಇಷ್ಟರಲ್ಲಿ ಅಡಕೆ ಸುಲಿಯುವ ಮೆಷಿನ್ನಿನಿಂದ ಹಿಡಿದು ಮಿಕ್ಸಿವರೆಗೆ ಎಲ್ಲವನ್ನೂ ಬಿಚ್ಚಬಲ್ಲ, ಕೆಲವನ್ನು ಕಟ್ಟಲೂ ಬಲ್ಲ ಅಕ್ಕನ ಮೈದುನ ಸ್ಕ್ರೂಡ್ರೈವರ್ ಸಮೇತ ಹಾಜರಾದ. ಅವನ ಕೈ ಹಿಡಿದು ತಡೆದದ್ದು ನಾನೇ. ಕ್ಯಾಮೆರಾ ಎಷ್ಟು ಚಿಕ್ಕದಿದ್ದರೂ ಅದರ ಫ್ಲಾಶ್‌ಗೆಂದು ಒಳಗೊಂದು ಕೆಪಾಸಿಟರ್ ಇರುತ್ತದೆ. ಎರಡು ಪೆನ್‌ಸೆಲ್ಲಿನ 3 ವೋಲ್ಟನ್ನು ಹಿಗ್ಗಿಸಿ ಅದರಲ್ಲಿ 300 ವೋಲ್ಟಿನ ಆಸುಪಾಸು ತುಂಬಿಸುತ್ತಾರೆ. ಬೀರುವಿನಲ್ಲಿ ವರ್ಷಗಟ್ಟಲೆ ಕೂತಾಗ ಅದು ಬರಿದಾಗಿರುತ್ತದೆ, ನಿಜ. ಆದರೆ ಈಗಷ್ಟೇ ಹೊಸ ಸೆಲ್ ಹಾಕಿ ಎಬ್ಬಿಸಿದ್ದೇವೆ. ಸೆಲ್ ತೆಗೆದ ಮೇಲೂ ಆ ಚಾರ್ಜು ಕೂಡಲೇ ಇಳಿಯುವುದಿಲ್ಲ. "ನಂಗೆ ಕರೆಂಟ್ ಹೊಡೆಯೋದು ಹೊಸದಾ?" ಎಂದ. ಹೊಸದಲ್ಲ, ಊರಿಗೇ ಗೊತ್ತು. ಕ್ಯಾಮೆರಾಕ್ಕೆ ಹೊಸದು.

ಸ್ಕ್ರೂಡ್ರೈವರಿನ ಬದಲು ನೋಡಬೇಕಾದ ಇನ್ನೊಂದು ಲಕ್ಷಣ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಒಂದು ದೊಡ್ಡ ಕಥೆಯಿದೆ. ಪ್ಲೇ ಗುಂಡಿ ಒತ್ತಿದಾಗ ಹಳೇ ಫೋಟೋಗಳು ಚೆನ್ನಾಗಿಯೇ ಕಾಣುತ್ತವೆ, ಮೆನು ಕಾಣುತ್ತದೆ, ಹೊಸದಾಗಿ ತೆಗೆಯಹೋದರೆ ಮಾತ್ರ ಕಪ್ಪು, ಇಲ್ಲವೇ ನೇರಳೆ ಗೆರೆಗಳ ಗಲಿಬಿಲಿ ಎಂದಾದರೆ ಸ್ಕ್ರೀನು ನಿರಪರಾಧಿ. ತಪ್ಪು ಬೆಳಕು ಹಿಡಿಯುವ ಸೆನ್ಸರಿನದು. 2005ರ ಅಕ್ಟೋಬರಿನಲ್ಲಿ ಇದು ಜಗತ್ತಿಗೇ ಗೊತ್ತಾಯಿತು. ಸೋನಿ ಆಗಿನ ವರ್ಷಗಳಲ್ಲಿ ತಯಾರಿಸಿದ್ದ ಕೆಲವು ಸಿಸಿಡಿ ಸೆನ್ಸರುಗಳ ಒಳಗಿನ ಎಳೆಗಳು ಬಿಸಿ ಮತ್ತು ತೇವ ಹೆಚ್ಚಿದ ಕಡೆ ಬಿಟ್ಟುಕೊಳ್ಳುತ್ತಿದ್ದವು. ಅವೇ ಸೆನ್ಸರುಗಳನ್ನು ಕೆನಾನ್, ನಿಕಾನ್, ಫ್ಯೂಜಿ, ಕೊನಿಕಾ ಮಿನೋಲ್ಟಾ ಕೂಡ ಕೊಂಡು ತಮ್ಮ ಕ್ಯಾಮೆರಾಗಳಲ್ಲಿ ಕೂರಿಸಿದ್ದವು. ಹೊರಗೆ ಜಾಹೀರಾತಿನಲ್ಲಿ ಒಬ್ಬರ ಮುಖ ಒಬ್ಬರು ನೋಡದ ಕಂಪನಿಗಳ ಹೊಟ್ಟೆಯೊಳಗೆ ಒಂದೇ ಸೆನ್ಸರು! ಒಬ್ಬೊಬ್ಬರಾಗಿ ಪುಕ್ಕಟೆ ರಿಪೇರಿ ಘೋಷಿಸಬೇಕಾಯಿತು. ಬಿಸಿ, ತೇವ ಎರಡನ್ನೂ ಧಾರಾಳವಾಗಿ ಒದಗಿಸುವ ಕರಾವಳಿಯವರು ಆಗ ಆ ಪಟ್ಟಿಯಲ್ಲಿ ತಮ್ಮ ಮಾಡೆಲ್ ನಂಬರು ಹುಡುಕಬಹುದಿತ್ತು. ಈಗ ಆ ಪುಕ್ಕಟೆ ರಿಪೇರಿಯ ಬಾಗಿಲು ಬಡಿಯಹೋದರೆ ನಮ್ಮನ್ನೇ ಮ್ಯೂಸಿಯಮ್ಮಿಗೆ ಕಳಿಸಿಯಾರು.

ಭಾವನ ಕ್ಯಾಮೆರಾದಲ್ಲಿ ಪ್ಲೇ ಒತ್ತಿದರೂ ಕತ್ತಲು. ಕ್ಲಿಕ್ ಗುಂಡಿ ಒತ್ತಿದರೂ ಉತ್ತರವಿಲ್ಲ. ಉಳಿದದ್ದು ಕ್ಯಾಮೆರಾವನ್ನು ಟಿವಿಗೆ ಜೋಡಿಸಿ ನೋಡುವುದು.

ಇಲ್ಲೊಂದು ಹಿಂದಿನ ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಡಿಜಿಟಲ್ ಕ್ಯಾಮೆರಾಕ್ಕೆ ಸ್ಕ್ರೀನು ಹುಟ್ಟಿನಿಂದ ಬಂದದ್ದಲ್ಲ. 1975ರಲ್ಲಿ ಕೊಡಾಕ್ ಕಂಪನಿಯ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ ಮೂರೂವರೆ ಕಿಲೋ ತೂಗುತ್ತಿತ್ತು. ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು 23 ಸೆಕೆಂಡು. ನೋಡಬೇಕೆಂದರೆ ಟಿವಿಯ ಮುಂದೆ ಕೂರಬೇಕು. ಬೆನ್ನಿಗೆ ಎಲ್‌ಸಿಡಿ ಅಂಟಿಸಿಕೊಂಡು ಮನೆಬಳಕೆಗೆ ಬಂದ ಮೊದಲ ಕ್ಯಾಮೆರಾ 1995ರ ಕ್ಯಾಸಿಯೋ ಕ್ಯೂವಿ-10. ಅದರ ಸ್ಕ್ರೀನು 1.8 ಇಂಚು. ಆ 1.8 ಇಂಚು ನಮ್ಮ ಸಂಸಾರಗಳನ್ನು ಕೆಡಿಸಿತು ಎಂದರೆ ಹೆಚ್ಚಲ್ಲ. ಅಲ್ಲಿಯವರೆಗೆ ಫೋಟೋ ತೆಗೆಸಿಕೊಂಡವರು ತಮ್ಮ ಪಾಡಿಗೆ ಊಟಕ್ಕೆ ಹೋಗುತ್ತಿದ್ದರು. ಆಮೇಲೆ ಕ್ಲಿಕ್ ಎನ್ನುವಷ್ಟರಲ್ಲಿ ಇಡೀ ಗುಂಪು ಫೋಟೋದಿಂದ ಎದ್ದು ಬಂದು ತೆಗೆದವನ ಹೆಗಲ ಮೇಲೆ ಬೀಳತೊಡಗಿತು. "ನನ್ನ ಕಣ್ಣು ಮುಚ್ಚಿದೆ, ಇನ್ನೊಂದು ತೆಗಿ." ಇನ್ನೊಂದರಲ್ಲಿ ಬೇರೆಯವರ ಕಣ್ಣು ಮುಚ್ಚುತ್ತದೆ. ನಾಮಕರಣದ ಪುರೋಹಿತರು ಕಾದು ಕಾದು ದಕ್ಷಿಣೆ ಕೇಳುವ ಹಂತಕ್ಕೆ ಬರುತ್ತಾರೆ.

ಸರಿ, ಹುಡುಗಿ ಆಚೆಗಿಟ್ಟ ಹಳದಿ ತುದಿಯ ವೈರು ಹುಡುಕಿ ತಂದೆವು. ಈಗಿನ ಟಿವಿಗಳಲ್ಲಿ ಆ ಹಳದಿ ತೂತು ಅಪರೂಪ. ಭಾವ ಹಳೇ ಡಬ್ಬಾ ಟಿವಿಯನ್ನೂ ಅಟ್ಟದಲ್ಲಿ ಇಟ್ಟಿದ್ದರು ಎಂದು ಬೇರೆ ಹೇಳಬೇಕೆ? ಇಳಿಸಿ, ವೈರು ಚುಚ್ಚಿ, ಕ್ಯಾಮೆರಾ ಆನ್ ಮಾಡಿದೆವು. ಅಮೆರಿಕದಲ್ಲಿ ಕೊಂಡದ್ದಾಗಿದ್ದರೆ ಎನ್‌ಟಿಎಸ್‌ಸಿ, ಪಾಲ್ ಎಂಬ ಎರಡು ಟಿವಿ ಪದ್ಧತಿಗಳ ಇನ್ನೊಂದು ಜಗಳವಿತ್ತು. ಹಳೇ ಟಿವಿಯಲ್ಲಿ ಚಿತ್ರ ಉರುಳಾಡುತ್ತಿತ್ತು. ಇದು ಶಿವಮೊಗ್ಗದಲ್ಲಿ ಕೊಂಡದ್ದು. ಚಿತ್ರ ನೆಟ್ಟಗೆ ನಿಂತಿತು. ಟಿವಿಯ ತುಂಬಾ ದೊಡ್ಡ ಅಕ್ಷರದಲ್ಲಿ ಕ್ಯಾಮೆರಾ ಕೇಳುತ್ತಿತ್ತು: ತಾರೀಕು ಯಾವುದು? ಎದುರಿಗೆ ಅದರದೇ ಊಹೆ, 2006ನೇ ಇಸವಿ ಜನವರಿ 1.

ಒಳಗೆ ಗಡಿಯಾರಕ್ಕೆಂದು ಪುಟ್ಟದೊಂದು ಬ್ಯಾಟರಿ ಇರುತ್ತದೆ; ದೊಡ್ಡ ಸೆಲ್ ತೆಗೆದಿಟ್ಟರೆ ಕೆಲವು ದಿನ ಅದು ತಾರೀಕು ಕಾಯುತ್ತದೆ, ಆಮೇಲೆ ಕೈಬಿಡುತ್ತದೆ. ಹೊಸ ಸೆಲ್ ಬಿದ್ದಾಗ ಕ್ಯಾಮೆರಾ ಮೊದಲು ಕೇಳುವುದೇ ಇದನ್ನು. ಉತ್ತರ ಸಿಗುವ ತನಕ ಫೋಟೋ ತೆಗೆಯುವುದಿಲ್ಲ ಎಂದು ಕೆಲವು ಹಟ ಹಿಡಿಯುತ್ತವೆ. ನಾವು ಕತ್ತಲೆಯಲ್ಲಿ ಗುಂಡಿ ಕುಟ್ಟುತ್ತಿದ್ದಾಗೆಲ್ಲ ಅದು ಮರ್ಯಾದೆಯಿಂದ ತಾರೀಕು ವಿಚಾರಿಸುತ್ತಿತ್ತು.

ಅಂದರೆ ಕ್ಯಾಮೆರಾ ಪೂರ್ತಿ ಬದುಕಿದೆ. ಸ್ಕ್ರೀನಿಗೇಕೆ ಕತ್ತಲು? ಟಿವಿಗೆ ವೈರು ಚುಚ್ಚಿದ ಕೂಡಲೇ ಚಿತ್ರವನ್ನೆಲ್ಲ ಟಿವಿಗೆ ಕಳಿಸಿ ತನ್ನ ಸ್ಕ್ರೀನನ್ನು ಆರಿಸುವುದು ಇಂಥ ಕ್ಯಾಮೆರಾಗಳ ಪದ್ಧತಿ. ವೈರು ಬಂದಿದೆಯೋ ಇಲ್ಲವೋ ಎಂದು ತಿಳಿಸುವುದು ಆ ತೂತಿನೊಳಗಿನ ಸಣ್ಣ ಸ್ಪ್ರಿಂಗ್ ಎಲೆ. ಮನೆ ಒಕ್ಕಲಿನ ರಾತ್ರಿ ಭಾವ ಎಲ್ಲರಿಗೂ ಟಿವಿಯಲ್ಲಿ ಫೋಟೋ ತೋರಿಸಿದ್ದರು. ವೈರು ಕಳೆದುಹೋದೀತೆಂದು, ಚುಚ್ಚಿದ್ದು ಚುಚ್ಚಿದ ಹಾಗೆಯೇ ಚೀಲಕ್ಕೆ ಹಾಕಿ ಜಿಪ್ ಎಳೆದಿದ್ದರು. ಅಷ್ಟು ವರ್ಷ ಒತ್ತಿಸಿಕೊಂಡ ಎಲೆ ವೈರು ಕಿತ್ತ ಮೇಲೂ ವಾಪಸ್ಸು ಏಳಲಿಲ್ಲ. ಕ್ಯಾಮೆರಾದ ಮಟ್ಟಿಗೆ ಮನೆ ಒಕ್ಕಲಿನ ರಾತ್ರಿ ಇನ್ನೂ ಮುಗಿದಿರಲಿಲ್ಲ, ನೆಂಟರು ಟಿವಿಯ ಮುಂದೆ ಕೂತೇ ಇದ್ದರು.

ಮದ್ದು ಸುಲಭ. ಆಫ್ ಮಾಡಿ, ವೈರಿನ ತುದಿಯನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡಿದೆವು. ಮೈದುನನ ಡಬ್ಬಿಯಲ್ಲಿದ್ದ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಒಣಗಿಸಿದೆವು. ಆನ್ ಮಾಡಿದಾಗ ಸ್ಕ್ರೀನು ಬೆಳಗಿತು. ಪಕ್ಕದ ಮನೆಯವರು ತಾವು ಬಾರಿಸಿದ್ದು ತಡವಾಗಿ ಕೆಲಸ ಮಾಡಿದೆ ಎಂದರು.

ಇದೂ ಆಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಕಡೆ ಹೋಗಿ ಅದೇ ಮಾಡೆಲ್ಲಿನ ಸ್ಕ್ರೀನು ವಿಚಾರಿಸಬೇಕಿತ್ತು. ಹೊಸದಂತೂ ಸಿಗದು. ಸಿಕ್ಕರೆ ಇನ್ನೊಂದು ಸತ್ತ ಕ್ಯಾಮೆರಾದಿಂದ ಬಿಚ್ಚಿದ್ದು. ಅದರ ಬೆಲೆಗೂ ಬಿಚ್ಚಿ ಕೂರಿಸುವ ಕೂಲಿಗೂ ಸೇರಿಸಿದರೆ ನಡೆಯುವ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾವೇ ಬರಬಹುದು. ಫೋಟೋಗಳಷ್ಟೇ ಮುಖ್ಯವಾದರೆ ಸ್ಕ್ರೀನಿನ ಹಂಗೇ ಬೇಡ. ಕಾರ್ಡು ಹೊರಗೆಳೆದು ಕಂಪ್ಯೂಟರಿಗೆ ಹಾಕಿದರಾಯಿತು. ಹುಡುಗಿ ತಂದಿದ್ದ ಹೊಸ 64 ಜಿಬಿ ಕಾರ್ಡನ್ನು ಮಾತ್ರ ಕ್ಯಾಮೆರಾ ಮೂಸಿಯೂ ನೋಡಲಿಲ್ಲ. ಆ ಕಾಲದ ಬಹಳಷ್ಟು ಕ್ಯಾಮೆರಾಗಳಿಗೆ 2 ಜಿಬಿಯೇ ಗಡಿ.

ಇನ್ನು ತಾರೀಕು ಹಾಕುವುದೊಂದೇ ಬಾಕಿ. ಭಾವ ಗೋಡೆಯ ಕ್ಯಾಲೆಂಡರ್ ನೋಡಿ, ಕನ್ನಡಕ ಒರೆಸಿ, ಇವತ್ತಿನ ದಿನ, ತಿಂಗಳು, ಗಂಟೆ, ನಿಮಿಷ ಎಲ್ಲ ಹೇಳತೊಡಗಿದರು. ಹುಡುಗಿ ಕೇಳಲೇ ಇಲ್ಲ. ಇಸವಿಯನ್ನು 2006ರಲ್ಲೇ ಬಿಟ್ಟು ಓಕೆ ಒತ್ತಿದಳು. ಫೋಟೋದ ಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ ಹಳೇ ತಾರೀಕು ಬಿದ್ದರೇನೇ ಚೆಂದವಂತೆ, ಕಾಲೇಜಿನಲ್ಲಿ ಎಲ್ಲರೂ ಹಾಗೇ ಮಾಡುವುದಂತೆ. ಸುಳ್ಳು ತಾರೀಕು ಹಾಕುವುದಕ್ಕೆ ಇಷ್ಟೆಲ್ಲ ಒದ್ದಾಡಿದ್ದೇ ಎಂದು ಭಾವ ಗೊಣಗುತ್ತಾ ಚೀಲದ ಧೂಳು ಒರೆಸಿದರು.

ಅಕ್ಕ ಸೆರಗು ಸರಿಮಾಡಿಕೊಂಡು ತುಳಸಿಕಟ್ಟೆಯ ಪಕ್ಕ ಹೋಗಿ ನಿಂತಳು. "ಹಾಗಾದ್ರೆ ನಂದೊಂದು ತೆಗಿಯೇ. ಸ್ವಲ್ಪ ದೂರದಿಂದ ತೆಗಿ, ಕೂದಲು ಬಿಳಿಯಾಗಿದ್ದು ಕಂಡ್ರೆ ಯಾರೂ 2006 ಅಂದ್ರೆ ನಂಬೋದಿಲ್ಲ."